ಜೇಬಿನ ರಿವಾಲ್ವರ್ ಹಗುರ ಇತ್ತು, ಒದೆತ ಹಗುರ ಇರಲಿಲ್ಲ

ಕೈಯಲ್ಲಿ ಗಂಟುನೋವು ಇಟ್ಟುಕೊಂಡು ಸಣ್ಣ ರಿವಾಲ್ವರ್ ಹುಡುಕುತ್ತಿರುವವರು ಯಾರಾದರೂ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನೊಮ್ಮೆ ಓದಿ. ನಾನು ಒಂದು ಲಕ್ಷದ ಹತ್ತಿರ ಕೊಟ್ಟು ಕಲಿತ ಪಾಠ ಇದು. ಮೂರು ವಾರ ಎಡಗೈಯಲ್ಲಿ ಚಮಚ ಹಿಡಿದು ಊಟ ಮಾಡಿದ್ದು ಅದರ ಮೇಲಿನ ಬಡ್ಡಿ.

ನನ್ನದು ಶಿರಸಿ ಹತ್ತಿರದ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ. ಜೊತೆಗೆ ಸುತ್ತಲಿನ ಊರುಗಳಲ್ಲಿ ಚಾಲಿ (ಒಣಗಿಸಿ ಸುಲಿದ ಅಡಿಕೆ), ಕಾಳುಮೆಣಸು ಕೊಂಡು ಪೇಟೆಗೆ ಹಾಕುವ ಸಣ್ಣ ವ್ಯಾಪಾರ. ನಮ್ಮದು ತೋಟದ ಒಂಟಿ ಮನೆ. ಜೋರಾಗಿ ಕೂಗಿದರೂ ಪಕ್ಕದ ಮನೆಗೆ ಕೇಳುವುದಿಲ್ಲ, ಮಳೆಗಾಲದಲ್ಲಂತೂ ಬಿಡಿ. ಸುಗ್ಗಿಯ ದಿನಗಳಲ್ಲಿ ಕೈಯಲ್ಲಿ ನಗದು ಇರುತ್ತದೆ ಅಂತ ಊರಿಗೆಲ್ಲ ಗೊತ್ತು. ಒಮ್ಮೆ ರಾತ್ರಿ ಕಾಡುರಸ್ತೆಯಲ್ಲಿ ಇಬ್ಬರು ಬೈಕ್ ಅಡ್ಡ ಹಾಕಿ ಚೀಲ ಕಸಿಯಲು ನೋಡಿದರು. ಪೊಲೀಸ್ ಕಂಪ್ಲೇಂಟ್ ಆಯಿತು. ಆಮೇಲೆ ಆತ್ಮರಕ್ಷಣೆಗೆ ಕೈಬಂದೂಕು ಬೇಕು ಅಂತ ಕಾರವಾರದ ಡಿಸಿ ಆಫೀಸಿಗೆ ಅರ್ಜಿ ಹಾಕಿದೆ. ಪೊಲೀಸ್ ವರದಿ, ಡಾಕ್ಟರ ಸರ್ಟಿಫಿಕೇಟ್, ತರಬೇತಿಯ ಕಾಗದ ಎಲ್ಲ ಆಗಬೇಕು. ದೇವಿಮನೆ ಘಟ್ಟ ಇಳಿದು ಹತ್ತಿ ಸಾಕಾಯಿತು. ಆ ಕಥೆ ಇಲ್ಲಿ ಬೇಡ.

ಮನೆಯಲ್ಲಿ ಮೊದಲೇ ಒಂದು ಜೋಡುನಳಿಗೆ ಕೋವಿ ಇದೆ, ಅಪ್ಪನ ಕಾಲದ್ದು. ಮಂಗ, ಹಂದಿ ಓಡಿಸಲು ಬೆಳೆರಕ್ಷಣೆ ಲೆಕ್ಕದಲ್ಲಿ ಬಂದದ್ದು. ಅದನ್ನು ಹೆಗಲಿಗೆ ಕೊಟ್ಟು ಈಡು ಹೊಡೆಯುವ ಶಕ್ತಿ ನನಗೆ ಹೋಗಿ ವರ್ಷಗಳಾದವು. 2006ರಲ್ಲಿ ರಾಜ್ಯಕ್ಕೆಲ್ಲ ಚಿಕುನ್‌ಗುನ್ಯಾ ಹಬ್ಬಿತಲ್ಲ, ಆಗ ತಪ್ಪಿಸಿಕೊಂಡಿದ್ದೆ. ಹತ್ತು ವರ್ಷ ಕಳೆದ ಮೇಲೆ ಹಿಡಿಯಿತು. ಜ್ವರ ನಾಲ್ಕೇ ದಿನ. ಗಂಟುನೋವು ಮಾತ್ರ ಮನೆಯವರಲ್ಲಿ ಒಬ್ಬರಾಗಿ ಉಳಿಯಿತು. ಬೆಳಿಗ್ಗೆ ಎದ್ದು ಒಂದು ತಾಸು ಮುಷ್ಟಿ ಕಟ್ಟಲು ಬರುವುದಿಲ್ಲ. ಹಾಲಿನ ಕೊಟ್ಟೆ ಹರಿಯಲು ಹಲ್ಲೇ ಗತಿ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದನ್ನು ಬಿಟ್ಟೇಬಿಟ್ಟೆ.

ಇಂಥ ಕೈಗೆ ಯಾವ ರಿವಾಲ್ವರ್ ಅಂತ ಕೇಳಿದಾಗ ಎಲ್ಲರೂ ಹೇಳಿದ್ದು ಒಂದೇ. ಸಣ್ಣದು ತಗೋ. ನನ್ನ ಹೆಂಡತಿಯ ಅಣ್ಣ ಹೇಳಿದ್ದು ಇನ್ನೂ ಕಿವಿಯಲ್ಲಿದೆ: “ಕಿಸೆಲಿ ಇಟ್ಕಂಡ್ರೂ ಗೊತ್ತಾಗ್ತಿಲ್ಲೆ ಭಾವ, ಅಷ್ಟು ಹಗೂರ.” ಅಂಗಡಿಯವನೂ ಅದನ್ನೇ ಹಾಡಿದ. ಹಗುರ ಇದೆ, ಪಾಯಿಂಟ್ 32 (ಗುಂಡಿನ ದಪ್ಪದ ಅಳತೆ, ಇಂಚಿನಲ್ಲಿ), ಹೆಂಗಸರೂ ಇಟ್ಟುಕೊಳ್ಳುತ್ತಾರೆ, ಒದೆತವೇ ಇಲ್ಲ. ಒದೆತ ಅಂದರೆ ಗುಂಡು ಹಾರುವಾಗ ಬಂದೂಕು ಕೈಗೆ ಕೊಡುವ ಗುದ್ದು. ಯಾವ ಊರು, ಯಾವ ಅಂಗಡಿ ಅಂತ ನಾನು ಹೇಳುವುದಿಲ್ಲ. ಯಾವ ಕಂಪನಿಯದು ಅಂತಲೂ ಹೇಳುವುದಿಲ್ಲ, ಯಾಕಂದರೆ ಆ ರಿವಾಲ್ವರಿನಲ್ಲಿ ದೋಷ ಇರಲಿಲ್ಲ. ತಪ್ಪು ಲೆಕ್ಕದಲ್ಲಿತ್ತು.

ಆ ಲೆಕ್ಕ ಏನು ಅಂತ ಹೇಳುತ್ತೇನೆ. ಕಾರವಾರದ ಬೈತಖೋಲ ಬಂದರಿನಲ್ಲಿ ನಿಂತು ನೋಡಿ. ಸಣ್ಣ ಪಾತಿ ದೋಣಿಯಿಂದ ಧಕ್ಕೆಗೆ ಜಿಗಿದರೆ ದೋಣಿ ಸರ್ರನೆ ಹಿಂದಕ್ಕೆ ಹೋಗುತ್ತದೆ. ಎಷ್ಟೋ ಜನ ನಡುವೆ ನೀರಿಗೆ ಬೀಳುವುದು ಹಾಗೆಯೇ. ಅದೇ ಮನುಷ್ಯ ದೊಡ್ಡ ಟ್ರಾಲರ್ ಬೋಟಿನಿಂದ ಜಿಗಿಯಲಿ, ಬೋಟು ಅಲ್ಲಾಡುವುದೂ ಇಲ್ಲ. ಜಿಗಿಯುವವನು ಗುಂಡು, ದೋಣಿ ನಿಮ್ಮ ಕೈಯಲ್ಲಿರುವ ರಿವಾಲ್ವರ್. ಗುಂಡು ಅದೇ, ಮದ್ದು ಅದೇ. ರಿವಾಲ್ವರ್ ತೂಕ ಅರ್ಧ ಆದರೆ ಅದು ಹಿಂದಕ್ಕೆ ಬರುವ ವೇಗ ಎರಡು ಪಟ್ಟು. ಕೈ ತಡೆದುಕೊಳ್ಳಬೇಕಾದ ಶಕ್ತಿಯೂ ಎರಡು ಪಟ್ಟು. ಹೈಸ್ಕೂಲಿನಲ್ಲಿ ನ್ಯೂಟನ್ನನ ಮೂರನೆಯ ನಿಯಮ ಬಾಯಿಪಾಠ ಮಾಡಿದ್ದೆ. ಅಂಗಡಿಯಲ್ಲಿ ಅದು ನೆನಪಾಗಲಿಲ್ಲ ನೋಡಿ.

ನಮ್ಮ ದೇಶದಲ್ಲಿ ಮಾಡುವವುಗಳನ್ನೇ ತೆಗೆದುಕೊಳ್ಳಿ. ಕಾನ್ಪುರದಲ್ಲಿ 2014ರಲ್ಲಿ ಬಂದ ‘ನಿರ್ಭೀಕ್’ ಸುಮಾರು 500 ಗ್ರಾಂ. 2023ರಲ್ಲಿ ಬಂದ ‘ಪ್ರಬಲ್’ ಸುಮಾರು 700 ಗ್ರಾಂ. ಎರಡೂ ಪಾಯಿಂಟ್ 32. ಕಾಗದದ ಮೇಲೆ ಇನ್ನೂರು ಗ್ರಾಂ ಅಂದರೆ ಒಂದು ಬೆಣ್ಣೆ ಉಂಡೆ ಅಷ್ಟೇ. ನೋಯುವ ಮಣಿಕಟ್ಟಿಗೆ ಅದು ದೊಡ್ಡ ಮಾತು. ಆದರೆ ತೂಕದ್ದೇ ಒಳ್ಳೆಯದು ಅಂತ ಕಣ್ಣು ಮುಚ್ಚಿ ಹೇಳಲಿಕ್ಕೂ ಬರುವುದಿಲ್ಲ. ತೂಕದ್ದು ಒದೆಯುವುದು ಕಡಿಮೆ, ಆದರೆ ಕೈ ಚಾಚಿ ಹಿಡಿದರೆ ಹತ್ತು ಸೆಕೆಂಡಿಗೆ ಮಣಿಕಟ್ಟು ಬಗ್ಗುತ್ತದೆ. ಹಗುರದ್ದು ಹಿಡಿಯಲು ಸುಖ, ಹೊಡೆಯಲು ಕಷ್ಟ. ನಿಮ್ಮ ನೋವು ಇವೆರಡರಲ್ಲಿ ಯಾವುದಕ್ಕೆ ಜಾಸ್ತಿ ಕೆರಳುತ್ತದೆ ಅಂತ ನಿಮಗೆ ಮಾತ್ರ ಗೊತ್ತಾಗಬೇಕು. ಅದೂ ಹಿಡಿದು ಹೊಡೆದ ಮೇಲೆ.

ನಾನು ಹೊಡೆದು ನೋಡಲಿಲ್ಲ. ಅಂಗಡಿಯಲ್ಲಿ ಹೊಡೆಯಲಿಕ್ಕೆ ಬಿಡುವುದಿಲ್ಲ, ಸಹಜ. ಮಧ್ಯಾಹ್ನ ಎರಡು ಗಂಟೆಗೆ, ಮಾತ್ರೆ ನುಂಗಿ ಕೈ ಸಡಿಲವಾಗಿದ್ದ ಹೊತ್ತಿನಲ್ಲಿ, ಖಾಲಿ ರಿವಾಲ್ವರ್ ಹಿಡಿದು ‘ಆಹಾ’ ಅಂದೆ. ಬೆಳಿಗ್ಗೆ ಆರಕ್ಕೆ ಅದೇ ಕೈ ಹೇಗಿರುತ್ತದೆ ಅಂತ ಆಗ ಯೋಚಿಸಲಿಲ್ಲ. ಕಳ್ಳ ಮಾತ್ರೆಯ ಹೊತ್ತು ನೋಡಿ ಬರುತ್ತಾನಾ?

ಪೊಲೀಸರ ನಾಗರಿಕ ಬಂದೂಕು ತರಬೇತಿ ನಡೆಯುವಾಗ ಅನುಮತಿ ಕೇಳಿಕೊಂಡು ರೇಂಜಿಗೆ ಹೋದೆ. ಮೊದಲ ಈಡಿಗೇ ಹೆಬ್ಬೆರಳಿನ ಬುಡದಲ್ಲಿ ಸಲಾಕೆ ಹೊಕ್ಕ ಹಾಗಾಯಿತು. ಒದೆತ ಅಂದರೆ ಹಿಂದಕ್ಕೆ ತಳ್ಳುವುದು ಅಂತ ನನ್ನ ಕಲ್ಪನೆ, ಕೋವಿ ಹೆಗಲಿಗೆ ಗುದ್ದುವ ಹಾಗೆ. ಇದು ಬೇರೆ ಥರ. ನಳಿಗೆ ಕೈಗಿಂತ ಮೇಲೆ ಇರುತ್ತದಲ್ಲ, ಹಾಗಾಗಿ ಮೂತಿ ಮೇಲಕ್ಕೆ ಹಾರಿ ಮಣಿಕಟ್ಟನ್ನು ತಿರುಚುತ್ತದೆ. ಸಣ್ಣ ರಿವಾಲ್ವರಿನ ಹಿಡಿಕೆಯೂ ಸಣ್ಣದು. ಎರಡೇ ಬೆರಳಿಗೆ ಜಾಗ. ಕಿರುಬೆರಳು ಗಾಳಿಯಲ್ಲಿ. ಅಷ್ಟರಲ್ಲೇ ಗಟ್ಟಿ ಹಿಡಿಯಬೇಕು ಅಂದರೆ ಉಳಿದ ಗಂಟುಗಳ ಮೇಲೆ ಎಲ್ಲ ಭಾರ. ಹಿಡಿಕೆ ಗಟ್ಟಿ ಮರದ್ದು. ಅದರ ಬದಲು ಉದ್ದದ ರಬ್ಬರ್ ಹಿಡಿಕೆ ಇದ್ದಿದ್ದರೆ ಅರ್ಧ ನೋವು ತಪ್ಪುತ್ತಿತ್ತು ಅಂತ ಆಮೇಲೆ ಅಲ್ಲಿನ ತರಬೇತಿಯವರು ಹೇಳಿದರು.

ಆದರೆ ನನ್ನನ್ನು ನಿಜವಾಗಿ ಸೋಲಿಸಿದ್ದು ಒದೆತವಲ್ಲ, ಟ್ರಿಗರ್. ಇದನ್ನು ಯಾರೂ ಹೇಳುವುದಿಲ್ಲ. ರಿವಾಲ್ವರಿನಲ್ಲಿ ಸುತ್ತಿಗೆಯನ್ನು (ಹಿಂಬದಿಯಲ್ಲಿ ಇರುವ, ತೋಟಾ ಹೊತ್ತಿಸಲು ಬಡಿಯುವ ಭಾಗ) ಹಿಂದಕ್ಕೆ ಎಳೆಯದೆ ನೇರ ಟ್ರಿಗರ್ ಒತ್ತಿದರೆ, ಆ ಒಂದೇ ಬೆರಳು ಗುಂಡಿನ ಗಾಲಿ ತಿರುಗಿಸಬೇಕು, ಸುತ್ತಿಗೆ ಎತ್ತಬೇಕು, ಬಿಡಬೇಕು. ಸಾಮಾನ್ಯವಾಗಿ ಅದಕ್ಕೆ ನಾಲ್ಕೈದು ಕಿಲೋ ಜೋರು ಬೇಕು. ಐದು ಲೀಟರಿನ ಎಣ್ಣೆ ಕ್ಯಾನನ್ನು ತೋರುಬೆರಳೊಂದರಲ್ಲೇ ಎತ್ತಿ ನೋಡಿ, ಅದೂ ಅಲ್ಲಾಡದೆ. ಸುತ್ತಿಗೆಯನ್ನು ಮೊದಲೇ ಎಳೆದರೆ ಟ್ರಿಗರ್ ಮೆತ್ತಗಾಗುತ್ತದೆ ನಿಜ. ಆದರೆ ಎಳೆಯುವುದು ಯಾವುದರಿಂದ? ಹೆಬ್ಬೆರಳಿನಿಂದ. ನನಗೆ ಹೋಗಿದ್ದೇ ಅದು. ಮೂರನೆಯ ಈಡಿನ ಹೊತ್ತಿಗೆ ಎರಡೂ ಕೈಯ ಬೆರಳು ಸೇರಿಸಿ ಟ್ರಿಗರ್ ಎಳೆಯುತ್ತಿದ್ದೆ. ನಾಲ್ಕನೆಯದು ಗುರಿಯ ಮುಂದೆ ಮಣ್ಣಿಗೆ ಬಿತ್ತು. ನೋವು ಬರುತ್ತದೆ ಅಂತ ಗೊತ್ತಾದ ಮೇಲೆ ಕೈ ಮೊದಲೇ ಬೆಚ್ಚಿ ಕೆಳಗೆ ಬಗ್ಗುತ್ತದೆ. ತರಬೇತಿಯವರು ಮೆಲ್ಲಗೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. “ಸರ್, ಇವತ್ತಿಗೆ ಸಾಕು” ಅಂದರು. ನಾಚಿಕೆಯಾಯಿತು.

ಹಾಗಾದರೆ ಪಿಸ್ತೂಲು ತಗೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ನಾನೂ ಕೇಳಿದೆ. ಅಲ್ಲಿ ಇನ್ನೊಂದು ತೊಡಕು. ಪಾಯಿಂಟ್ 32ರ ಸಣ್ಣ ಪಿಸ್ತೂಲುಗಳಲ್ಲಿ ನಳಿಗೆಯ ಹಿಂಬದಿಯನ್ನು ಬಿಗಿ ಹಿಡಿಯುವುದು ಹೆಚ್ಚಾಗಿ ಸ್ಲೈಡಿನ (ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಕವಚ) ಭಾರ ಮತ್ತು ಸ್ಪ್ರಿಂಗ್ ಮಾತ್ರ. ಅದಕ್ಕೇ ಸ್ಪ್ರಿಂಗ್ ಬಿಗಿ. ಮೊದಲ ಗುಂಡು ಏರಿಸಲು ಸ್ಲೈಡನ್ನು ಚಿಮುಟಿ ಹಿಡಿದು ಹಿಂದಕ್ಕೆ ಎಳೆಯಬೇಕು. ಹಾಲಿನ ಕೊಟ್ಟೆ ಹರಿಯಲಾಗದವನು ಅದನ್ನು ಎಳೆದಾನೇ? ಮ್ಯಾಗಜಿನ್‌ಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, ಕಡೆಯ ಎರಡು ಗುಂಡು ತುಂಬುವುದೂ ಹೆಬ್ಬೆರಳಿಗೇ ಶಿಕ್ಷೆ. ಮಣಿಕಟ್ಟು ಸಡಿಲ ಬಿಟ್ಟು ಹೊಡೆದರೆ ಖಾಲಿ ತೋಟಾ ಹೊರಗೆ ಬೀಳದೆ ಸಿಕ್ಕಿಕೊಳ್ಳುವುದೂ ಉಂಟು. ಪಾಯಿಂಟ್ 22ರಲ್ಲಿ ಒದೆತ ನಿಜಕ್ಕೂ ಕಡಿಮೆ, ಇದು ಸುಳ್ಳಲ್ಲ. ಆದರೆ ಅದರ ತೋಟಾ ಅಂಚಿನಲ್ಲಿ ಹೊತ್ತಿಕೊಳ್ಳುವ ಜಾತಿಯದು. ಟುಸ್ ಅನ್ನುವುದು ಉಳಿದವಕ್ಕಿಂತ ಜಾಸ್ತಿ. ಅದರ ರಿವಾಲ್ವರ್‌ಗಳ ಟ್ರಿಗರೂ ಮೆತ್ತಗಿರುತ್ತದೆ ಅಂತ ತಿಳಿಯಬೇಡಿ.

ಮನೆಗೆ ಬಂದ ಮೇಲೆ ಕೈ ಬಾತಿತು. ಡಾಕ್ಟರ ಹತ್ತಿರ ಹೋದೆ. ಏನು ಮಾಡಿಕೊಂಡಿರಿ ಅಂದರು. ಹೇಳಿದೆ. ಅವರು ಕೈ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ರಾತ್ರಿ ತೆಗೆದುಕೊಳ್ಳುವ ನರದ ನೋವಿನ ಮಾತ್ರೆ ಮಂಪರು ತರುತ್ತದೆ ಅಂತ ಗೊತ್ತಲ್ವಾ ಅಂದರು. ಗೊತ್ತಿತ್ತು. ರಾತ್ರಿ ಹನ್ನೆರಡಕ್ಕೆ ನಾಯಿ ಬೊಗಳಿದರೆ ಎದ್ದು ಎರಡು ನಿಮಿಷ ನಾನೆಲ್ಲಿದ್ದೇನೆ ಅಂತ ತಿಳಿಯುವುದಿಲ್ಲ. ಆ ಎರಡು ನಿಮಿಷದಲ್ಲಿ ಕೈಗೆ ತುಂಬಿದ ರಿವಾಲ್ವರ್ ಸಿಗಬೇಕೇ? ಬಾಗಿಲಲ್ಲಿ ನಿಂತವನು ಮಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದ ಮಗನೂ ಆಗಿರಬಹುದು.

ಇನ್ನೊಂದು ಪ್ರಶ್ನೆ ಕೇಳಿದರು. ನೋವು ತಡೆಯಲಾಗದ ರಾತ್ರಿಗಳಲ್ಲಿ ಸಾಕಪ್ಪಾ ಈ ಜೀವ ಅನ್ನಿಸುತ್ತದೆಯೇ ಅಂತ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಅಂತ ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ವರ್ಷಗಟ್ಟಲೆ ನೋವು ತಿಂದವರಿಗೆ ಇದು ಹೊಸ ಮಾತಲ್ಲ, ಡಾಕ್ಟರಿಗೆ ಹೇಳಿದರೆ ಅದಕ್ಕೂ ಔಷಧಿ ಇದೆ. ಆದರೆ ಅಂಥ ಮನೆಯಲ್ಲಿ ತಲೆದಿಂಬಿನ ಹತ್ತಿರ ರಿವಾಲ್ವರ್ ಇಡುವುದು ಬೇರೆಯೇ ವಿಷಯ. ಅಂಗಡಿಯಲ್ಲಿ ಇದನ್ನು ಯಾರೂ ಕೇಳಲಿಲ್ಲ. ಅರ್ಜಿಯ ಕಾಗದಕ್ಕೆ ಸಹಿ ಹಾಕಿದ ಡಾಕ್ಟರೂ ಕೇಳಲಿಲ್ಲ, ಅವರು ಬೇರೆಯವರು. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಮಾರನೇ ದಿನವೇ ಅದನ್ನು ಜಮಾ ಇಟ್ಟೆ. ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ ಹತ್ತಿರ ಜಮಾ ಇಡಲು ಕಾನೂನಿನಲ್ಲಿ ದಾರಿ ಇದೆ, ಸಂಕೋಚ ಬೇಡ. ನಮ್ಮ ಕಡೆಯವರಿಗೆ ಇದು ಹೊಸದೂ ಅಲ್ಲ. 2024ರ ಲೋಕಸಭಾ ಚುನಾವಣೆಯಲ್ಲೂ ಕೋವಿ ಹೊತ್ತು ಠಾಣೆಯ ಮುಂದೆ ಸಾಲು ನಿಂತಿದ್ದೆವು. ಬಿಟ್ಟುಕೊಟ್ಟದ್ದರಿಂದ ಇನ್ನೊಂದು ಉಪಕಾರ ಆಯಿತು. ನಮ್ಮ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟರೆ ಉಕ್ಕು ವಾರದಲ್ಲಿ ಕೆಂಪಾಗುತ್ತದೆ. ಒರೆಸಿ, ಎಣ್ಣೆ ಹಚ್ಚಿ, ಸಣ್ಣ ಕುಂಚ ತೂರಿಸುವುದಕ್ಕೆ ಬೆರಳು ಬೇಕಲ್ಲ. ಕರಾವಳಿಯವರಿಗೆ ಉಪ್ಪುಗಾಳಿ ಬೇರೆ.

ಈಗ ಬೇರೆ ತಗೊಳ್ಳೋಣ ಅಂದರೆ ಅದೂ ಸುಲಭ ಇಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರು ಇತ್ತು. ಅಪ್ಪನ ಕೋವಿ ಒಂದು, ಇದೊಂದು. ಲೆಕ್ಕ ಮುಗಿಯಿತು. ಚಪ್ಪಲಿ ಬದಲಿಸುವ ಹಾಗೆ ಒಂದು ಸರಿಯಾಗಲಿಲ್ಲ ಅಂತ ಇನ್ನೊಂದು ತರಲು ಬರುವುದಿಲ್ಲ. ಇದನ್ನು ಮಾರಿದ ಮೇಲೇ ಮುಂದಿನ ಮಾತು. ಮಾರುವುದೂ ಲೈಸೆನ್ಸ್ ಇರುವವರಿಗೇ ಆಗಬೇಕು. ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ 45 ದಿನ ಕಾಯಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಇದು ಇದೆ. ಕೊಳ್ಳುವಾಗ ಈ ಎರಡು ವಿಷಯ ಗೊತ್ತಿದ್ದರೆ ಅಂಗಡಿಯಲ್ಲಿ ಅಷ್ಟು ಅವಸರ ಮಾಡುತ್ತಿರಲಿಲ್ಲ.

ತಗೊಳ್ಳಲೇಬೇಕಾದವರಿಗೆ ನಾನು ಹೇಳುವುದು ಇಷ್ಟೇ. ನೋವು ಜಾಸ್ತಿ ಇರುವ ದಿನ, ಬೆಳಿಗ್ಗೆ, ಮಾತ್ರೆಗೆ ಮೊದಲು ಹೋಗಿ. ರಿವಾಲ್ವರ್ ಖಾಲಿ ಇದೆ ಅಂತ ಎರಡು ಸಲ ನೋಡಿ, ಅಂಗಡಿಯವರನ್ನು ಕೇಳಿ, ಸುತ್ತಿಗೆ ಎಳೆಯದೆ ಐದು ಸಲ ಟ್ರಿಗರ್ ಒತ್ತಿ. ಐದನೆಯದು ಮೊದಲನೆಯದರಷ್ಟೇ ನೆಟ್ಟಗೆ ಬಂತಾ ನೋಡಿ. ಕಿರುಬೆರಳಿಗೆ ಜಾಗ ಇದೆಯಾ ನೋಡಿ. ರೇಂಜಿನಲ್ಲಿ ಅದೇ ತೂಕದ್ದನ್ನು ಹೊಡೆಯಲು ಯಾರಾದರೂ ಅನುಭವಸ್ಥರ ಎದುರು ಅವಕಾಶ ಸಿಗುವವರೆಗೆ ಮುಂಗಡ ಕೊಡಬೇಡಿ. ಹಗುರ ಇದೆ ಅಂತ ಯಾರಾದರೂ ಹೊಗಳಿದರೆ ಪಾತಿ ದೋಣಿ ನೆನಪಿಸಿಕೊಳ್ಳಿ.

ನಾನೀಗ ಸುಗ್ಗಿಯ ದುಡ್ಡನ್ನು ಮನೆಗೆ ತರುವುದೇ ಇಲ್ಲ. ಬೆಳೆಗಾರರ ಖಾತೆಗೆ ನೇರ ಹಾಕಿಸುತ್ತೇನೆ. ಕೆಲವರು ಗೊಣಗಿದರು, ಆಮೇಲೆ ರೂಢಿಯಾಯಿತು. ಮನೆಗೆ ಎರಡು ಜೋರು ಲೈಟು, ಒಂದು ಕ್ಯಾಮೆರಾ, ಇನ್ನೊಂದು ನಾಯಿ ಬಂತು. ನಾಯಿ ಸ್ವಲ್ಪ ಪೆದ್ದ, ಆದರೆ ಬೊಗಳುವುದರಲ್ಲಿ ಮೋಸ ಇಲ್ಲ.

ರಿವಾಲ್ವರ್ ಕೊಳ್ಳಲು ಕುಮಟಾದ ಕಡೆಯ ವ್ಯಾಪಾರಿಯೊಬ್ಬರು ಮುಂದೆ ಬಂದಿದ್ದಾರೆ. ನಾನು ಕೊಟ್ಟದ್ದಕ್ಕಿಂತ ಮೂವತ್ತು ಸಾವಿರ ಕಡಿಮೆಗೆ ಮಾತಾಗಿದೆ. ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ. ಗಟ್ಟಿ ಕೈ, ಮೀನಿನ ಬುಟ್ಟಿ ಎತ್ತಿ ಬೆಳೆದವರು. ಠಾಣೆಯಲ್ಲಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತೂಗಿ ನೋಡಿ ನಕ್ಕರು. 45 ದಿನದಲ್ಲಿ ಇನ್ನು ಹನ್ನೊಂದು ಬಾಕಿ.