ನಮ್ಮ ಸ್ಕೂಲಿನ ಪೇರೆಂಟ್ ಆ್ಯಪ್, ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಶಾಲೆಯ ಹೆಸರನ್ನೂ ಬರೆಯುವುದಿಲ್ಲ, ಆ್ಯಪ್‌ನ ಹೆಸರನ್ನೂ ಬರೆಯುವುದಿಲ್ಲ. ಮಗಳು ಇನ್ನೂ ಮೂರು ವರ್ಷ ಅಲ್ಲೇ ಓದಬೇಕು. ಮಂಗಳೂರಿನ ಒಂದು ಖಾಸಗಿ ಶಾಲೆ ಅಂತ ಇಟ್ಟುಕೊಳ್ಳಿ, ತೀರಾ ದೊಡ್ಡದಲ್ಲ, ತೀರಾ ಸಣ್ಣದೂ ಅಲ್ಲ. ಅವಳು ಆರನೇ ಕ್ಲಾಸಿಗೆ ಬಂದ ವರ್ಷ, ಅಂದರೆ 2024ರ ಜೂನ್‌ನಲ್ಲಿ, ಈ ಆ್ಯಪ್ ಬಂತು. ಫೀಸಿನ ಚೀಟಿಯಲ್ಲಿ ‘ಸೇಫ್ಟಿ ಆ್ಯಂಡ್ ಕಮ್ಯುನಿಕೇಶನ್’ ಅಂತ ಒಂದು ಹೊಸ ಸಾಲು, ಅದರ ಎದುರು 850 ರೂಪಾಯಿ. ಬೇಡ ಅನ್ನುವ ಹಾಗಿಲ್ಲ. ಈಗ ಏಳನೇ ಕ್ಲಾಸು ಮುಗಿಯುತ್ತಾ ಬಂದಿದೆ, ಮುಂದಿನ ವರ್ಷದ ಚೀಟಿಯೂ ಬಂದಿದೆ, ಅದರಲ್ಲಿ ಅದು 1,000 ಆಗಿದೆ. ಅದಕ್ಕೇ ಬರೆಯಲು ಕೂತೆ.

ಈ ವಯಸ್ಸಿನ ಮಕ್ಕಳ ತಂದೆ ತಾಯಿಗೆ ಇಂಥದ್ದೊಂದು ವ್ಯವಸ್ಥೆ ಬೇಕು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. ಎಲ್‌ಕೆಜಿಯಲ್ಲಿದ್ದಾಗ ಗೇಟಿನ ಹತ್ತಿರವೇ ಮಿಸ್ ಎಲ್ಲಾ ಹೇಳುತ್ತಿದ್ದರು, ಇವತ್ತು ಬಿದ್ದಳು, ಇವತ್ತು ಅತ್ತಳು, ಚಪಾತಿ ಅರ್ಧ ತಿಂದಳು. ಐದನೇ ಕ್ಲಾಸಿನವರೆಗೆ ಮಗಳೇ ವರದಿಗಾರ್ತಿ, ಸಾಕ್ಸ್ ಬಿಚ್ಚುವ ಮೊದಲೇ ಅರ್ಧ ಶಾಲೆಯ ಸುದ್ದಿ ಮನೆಗೆ ಬಂದಿರುತ್ತಿತ್ತು. ಆರನೇ ಕ್ಲಾಸಿಗೆ ಹೋದದ್ದೇ ತಡ, ಒಂದೊಂದು ಪಾಠಕ್ಕೆ ಒಬ್ಬೊಬ್ಬ ಟೀಚರ್. ಕ್ಲಾಸ್ ಟೀಚರ್ ದಿನಕ್ಕೆ ನಲವತ್ತು ನಿಮಿಷ ಸಮಾಜ ಪಾಠ ಮಾಡಿ ಹೋಗುತ್ತಾರೆ. ಗಣಿತದಲ್ಲಿ ಅವಳು ಹೇಗೆ ಅಂತ ಗಣಿತದ ಸರ್‌ಗೆ ಗೊತ್ತು, ಹಿಂದಿಯಲ್ಲಿ ಹೇಗೆ ಅಂತ ಹಿಂದಿ ಮಿಸ್‌ಗೆ ಗೊತ್ತು, ಒಟ್ಟಾರೆ ಅವಳು ಹೇಗಿದ್ದಾಳೆ ಅಂತ ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ‘ಏನಾಯ್ತು ಇವತ್ತು?’ ಅಂದರೆ ‘ಏನಿಲ್ಲ’. ಮೈ ಬದಲಾಗುವ ವಯಸ್ಸು, ಗೆಳತಿಯರ ಗುಂಪು ವಾರಕ್ಕೊಮ್ಮೆ ಒಡೆಯುವ ವಯಸ್ಸು, ಸರಿಯಾಗಿ ಆ ಹೊತ್ತಿಗೇ ಎರಡೂ ಕಡೆಯ ನಲ್ಲಿ ಬಂದ್.

ಒಳ್ಳೆಯದರಿಂದ ಶುರು ಮಾಡುತ್ತೇನೆ. ಬಸ್ಸಿನ ಜಿಪಿಎಸ್ ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ. ಪಂಪ್‌ವೆಲ್ ಹತ್ತಿರ ಮಳೆ ನೀರು ನಿಂತರೆ ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆ ಅಂತ ದೇವರಿಗೂ ಗೊತ್ತಿರುವುದಿಲ್ಲ. ಮೊದಲು ನಮ್ಮ ಮಾವ ಕೊಡೆ ಹಿಡಿದು ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ನಿಲ್ಲುತ್ತಿದ್ದರು. ಈಗ ಬಸ್ಸು ಎರಡು ಸ್ಟಾಪ್ ಹಿಂದಿರುವಾಗ ಫೋನ್ ಟಿಂಗ್ ಅನ್ನುತ್ತದೆ, ಅವರು ಚಪ್ಪಲಿ ಹಾಕುತ್ತಾರೆ. ಹಾಜರಿ ಬೆಳಿಗ್ಗೆ ಒಂಬತ್ತೂವರೆ ಒಳಗೆ ಬರುತ್ತದೆ. ಮಗುವನ್ನು ಮಧ್ಯದಲ್ಲಿ ಕರೆದುಕೊಂಡು ಹೋಗಬೇಕಾದರೆ ನನ್ನ ಫೋನಿಗೆ ಬಂದ ಒಟಿಪಿ ಹೇಳಬೇಕು. ಒಂದು ಸಲ ನನ್ನ ತಮ್ಮ ಹೇಳದೆ ಕೇಳದೆ ‘ಸೊಸೆಗೆ ಸರ್ಪ್ರೈಸ್’ ಅಂತ ಹೋಗಿ, ನಾನು ಮೀಟಿಂಗಿನಲ್ಲಿ ಫೋನ್ ಎತ್ತದೆ, ಗೇಟಿನ ಸೆಕ್ಯುರಿಟಿ ಅವನನ್ನು ಒಂದು ಗಂಟೆ ಹೊರಗೆ ನಿಲ್ಲಿಸಿದರು. ಅವನಿಗೆ ಎರಡು ದಿನ ಸಿಟ್ಟು. ನನಗೆ 850 ರೂಪಾಯಿ ಅವತ್ತೇ ವಸೂಲಾದ ಹಾಗಾಯಿತು.

2024ರ ಮಳೆಗಾಲದಲ್ಲಿ ಡೆಂಗಿ ಹಬ್ಬಿದಾಗಲೂ, ಸರ್ಕಾರ ಸೆಪ್ಟೆಂಬರ್‌ನಲ್ಲಿ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸುವ ಮೊದಲೇ, ಶಾಲೆಯಿಂದ ಒಂದು ಒಳ್ಳೆಯ ಸಂದೇಶ ಬಂದಿತ್ತು. ಯಾವ ಸೆಕ್ಷನ್‌ನಲ್ಲಿ ಎಷ್ಟು ಮಕ್ಕಳಿಗೆ ಜ್ವರ, ತುಂಬು ತೋಳಿನ ಅಂಗಿ ಹಾಕಿ ಕಳಿಸಬಹುದು, ಜ್ವರ ಇದ್ದರೆ ಟೆಸ್ಟ್ ಇದೆ ಅಂತ ಕಳಿಸಬೇಡಿ, ಆಮೇಲೆ ಬರೆಸುತ್ತೇವೆ. ಮಕ್ಕಳ ಹೆಸರಿಲ್ಲ, ಗಾಬರಿ ಇಲ್ಲ, ಮಾಡಬೇಕಾದ್ದು ಮಾತ್ರ. ಆಮೇಲೆ ಗೊತ್ತಾಯಿತು, ಅದನ್ನು ಬರೆದದ್ದು ವಿಜ್ಞಾನದ ಮಿಸ್ ಅಂತೆ, ಆಫೀಸಿನವರಲ್ಲ.

ಇನ್ನು ಮಳೆ ರಜೆಯ ಕಥೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿತು ಅಂದರೆ 24 ಗಂಟೆಯಲ್ಲಿ 20 ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಬರಬಹುದು ಅಂತ, ಆಮೇಲೆ ಡಿಸಿ ರಜೆ ಕೊಡುತ್ತಾರೋ ಇಲ್ಲವೋ ಅಂತ ಇಡೀ ಜಿಲ್ಲೆ ಫೋನ್ ಹಿಡಿದು ಕೂರುತ್ತದೆ. ಹೋದ ವರ್ಷದ ಆದೇಶದ ಫೋಟೊವನ್ನು ತಾರೀಖು ಕತ್ತರಿಸಿ ಹರಿಬಿಡುವ ಪುಣ್ಯಾತ್ಮರು ಬೇರೆ ಇದ್ದಾರೆ. ಆ್ಯಪ್ ಇರಬೇಕಾದದ್ದು ಇಂಥ ಬೆಳಿಗ್ಗೆಗೆ, ಅಲ್ವಾ? ನಮ್ಮ ಬಸ್ಸು 7.10ಕ್ಕೆ ಬರುತ್ತದೆ. ಹೋದ ಜುಲೈನಲ್ಲಿ ಒಂದು ದಿನ ರಜೆಯ ಆದೇಶ ರಾತ್ರಿಯೇ ಬಂದಿತ್ತು, ಟಿವಿಯಲ್ಲೂ ಬಂದಿತ್ತು. ಆ್ಯಪ್‌ನಲ್ಲಿ ಬಂದದ್ದು ಬೆಳಿಗ್ಗೆ 8.05ಕ್ಕೆ. ಯಾಕೆ ಅಂತ ಕೇಳಿದರೆ, ಯಾವ ಸಂದೇಶ ಹೋಗಬೇಕಾದರೂ ಕೋಆರ್ಡಿನೇಟರ್ ಲಾಗಿನ್ ಆಗಿ ಅಪ್ರೂವ್ ಮಾಡಬೇಕಂತೆ, ಅವರ ಮನೆಯಲ್ಲಿ ಅವತ್ತು ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಅವರ ತಪ್ಪಲ್ಲ ಬಿಡಿ, ಆ ಮಳೆಗೆ ಯಾರ ಮನೆಯಲ್ಲಿ ಕರೆಂಟ್ ಇತ್ತು? ಆದರೆ ಇಡೀ ಶಾಲೆಯ ಸುರಕ್ಷತೆಯ ಸಂದೇಶ ಒಬ್ಬರ ಲ್ಯಾಪ್‌ಟಾಪಿನ ಮೇಲೆ ನಿಂತಿದೆ ಅಂತ ಗೊತ್ತಾದದ್ದು ಅವತ್ತೇ.

ಎಲ್ಲಾ ಸಂದೇಶವೂ ಇಂಗ್ಲಿಷಿನಲ್ಲಿ. ಬಸ್ ಸ್ಟಾಪಿಗೆ ಹೋಗುವವರು ನಮ್ಮ ಮಾವ, ಅವರ ಫೋನಿನಲ್ಲೂ ಆ್ಯಪ್ ಇದೆ, ಅವರು ಓದುವುದು ಕನ್ನಡ. ‘ಡಿಸ್ಪರ್ಸಲ್’ ಅಂದರೆ ಎಂತದು ಅಂತ ಒಂದು ದಿನ ನನ್ನನ್ನು ಕೇಳಿದರು. ‘ಮಕ್ಕಳನ್ನು ಇವತ್ತು ಬೇಗ ಬಿಡುತ್ತೇವೆ’ ಅಂತ ಬರೆಯಲು ಎಷ್ಟು ಹೊತ್ತು ಬೇಕು ಮಾರಾಯ್ರೆ? ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಅಂತ ಒಂದು ಆಯ್ಕೆ ಇದೆ. ಒತ್ತಿದರೆ ಗುಂಡಿಗಳ ಹೆಸರು ಮಾತ್ರ ಕನ್ನಡ ಆಗುತ್ತದೆ, ‘ಸಲ್ಲಿಸು’, ‘ಹಿಂದೆ’, ಅಷ್ಟೇ.

ಜಾಸ್ತಿ ಸಿಟ್ಟು ಬಂದದ್ದು ಮಾತ್ರ ಹೋದ ನವೆಂಬರಿನ ಸರ್ಕ್ಯುಲರಿಗೆ. ಸಂಜೆ ನಾಲ್ಕು ಗಂಟೆಗೆ ಬಂತು. ‘ಶಾಲೆಯ ಆವರಣದಲ್ಲಿ ನಡೆದ ಒಂದು ಅಹಿತಕರ ಘಟನೆ ಆಡಳಿತ ಮಂಡಳಿಯ ಗಮನಕ್ಕೆ ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗಿದೆ, ಪೋಷಕರು ಸಹಕರಿಸಬೇಕು’ ಅನ್ನುವ ಅರ್ಥದ ನಾಲ್ಕು ಸಾಲು. ಎಷ್ಟನೇ ಕ್ಲಾಸು? ಮಕ್ಕಳ ನಡುವೆಯಾ, ದೊಡ್ಡವರಾ? ಯಾರಿಗಾದರೂ ಪೆಟ್ಟಾಯಿತಾ? ಒಂದೂ ಇಲ್ಲ. ಆ್ಯಪ್‌ನಲ್ಲಿ ವಾಪಸ್ ಕೇಳುವ ಹಾಗೂ ಇಲ್ಲ, ಸರ್ಕ್ಯುಲರಿಗೆ ಉತ್ತರ ಬರೆಯುವ ಜಾಗವೇ ಇಲ್ಲ. ಮತ್ತೆ ಎಲ್ಲಿಗೆ ಹೋಗುತ್ತಾರೆ ಜನ? ವಾಟ್ಸ್ಯಾಪಿಗೆ. ಐದು ಗಂಟೆಗೆ ಅದು ಬಸ್ ಡ್ರೈವರ್ ಆಯಿತು, ಆರಕ್ಕೆ ಪೋಕ್ಸೋ ಕೇಸ್ ಆಯಿತು, ಏಳಕ್ಕೆ ಯಾರೋ ಪೊಲೀಸ್ ಜೀಪ್ ನೋಡಿದವರೂ ಹುಟ್ಟಿಕೊಂಡರು. ನಾನೂ ಸುಮ್ನೆ ಕೂರಲಿಲ್ಲ, ಮಗಳನ್ನು ಕೂರಿಸಿ ಪೊಲೀಸರ ಹಾಗೆ ವಿಚಾರಣೆ ಮಾಡಿದೆ, ಈಗ ನೆನೆಸಿದರೆ ನಾಚಿಕೆ. ಮಾರನೇ ದಿನ ತಿಳಿದದ್ದು ಇಷ್ಟು: ಎಂಟನೇ ಕ್ಲಾಸಿನ ಇಬ್ಬರು ಹುಡುಗರು ಜಗಳ ಮಾಡಿ, ಒಬ್ಬನ ಅಂಗೈಗೆ ಕೈವಾರ ಚುಚ್ಚಿ ಎರಡು ಹೊಲಿಗೆ ಬಿದ್ದಿತ್ತು. ಪಾಪ, ಆ ಬಸ್ ಡ್ರೈವರ್‌ಗೆ ಒಂದು ರಾತ್ರಿಯೆಲ್ಲಾ ಎಷ್ಟು ಜನ ಫೋನ್ ಮಾಡಿದರೋ.

ಶಾಲೆಯವರಿಗೂ ಕೈ ಕಟ್ಟಿರುತ್ತದೆ, ಅದು ನನಗೆ ಗೊತ್ತು. ನಿಜವಾಗಿಯೂ ಪೋಕ್ಸೋ ವಿಷಯವೇ ಆಗಿದ್ದರೆ ಮಗುವಿನ ಗುರುತು ಹೊರಗೆ ಬರುವ ಹಾಗಿಲ್ಲ, 2012ರ ಆ ಕಾಯ್ದೆಯೇ ಹಾಗೆ ಹೇಳುತ್ತದೆ. ಹಾಗಂತ ಶಾಲೆ ತಾನೇ ಒಳಗೊಳಗೆ ಮುಗಿಸುವ ಹಾಗೂ ಇಲ್ಲ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ಆದರೆ ಇದು ಅದಲ್ಲವಲ್ಲ. ‘ಇಬ್ಬರು ಮಕ್ಕಳ ಜಗಳದಲ್ಲಿ ಒಬ್ಬನ ಕೈಗೆ ಗಾಯ, ಹೊಲಿಗೆ ಹಾಕಿಸಿದ್ದೇವೆ, ಇಬ್ಬರ ಮನೆಯವರ ಹತ್ತಿರವೂ ಮಾತಾಡಿದ್ದೇವೆ, ಉಳಿದ ಮಕ್ಕಳು ಆರಾಮಾಗಿದ್ದಾರೆ’. ಯಾರ ಹೆಸರೂ ಬೇಕಾಗಿರಲಿಲ್ಲ.

ನನ್ನ ತಂಗಿ ಬೆಂಗಳೂರಿನಲ್ಲಿದ್ದಾಳೆ. 2023ರ ಡಿಸೆಂಬರ್ 1, ಶುಕ್ರವಾರ, ಅಲ್ಲಿ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಿತ್ತಲ್ಲ, ಆಮೇಲೆ ಅದು ಹುಸಿ ಅಂತಾಯಿತು. ಅವಳ ಮಗನ ಶಾಲೆಗೂ ಬಂದಿತ್ತು. ಅವರು ಕಳಿಸಿದ್ದು ಮಾಮೂಲಿ ಎಸ್ಸೆಮ್ಮೆಸ್, ಅವಳು ಇನ್ನೂ ಇಟ್ಟುಕೊಂಡಿದ್ದಾಳೆ. ಬೆದರಿಕೆ ಬಂದಿದೆ, ಮಕ್ಕಳೆಲ್ಲಾ ಹೊರಗೆ ಬಂದು ಪಕ್ಕದ ಮೈದಾನದಲ್ಲಿದ್ದಾರೆ, ಪೊಲೀಸರು ನೋಡುತ್ತಿದ್ದಾರೆ, ಕರೆದುಕೊಂಡು ಹೋಗುವವರು ಹಿಂದಿನ ಗೇಟಿಗೆ ಗುರುತಿನ ಚೀಟಿ ತನ್ನಿ, ಮುಂದಿನ ಸಂದೇಶ ಅರ್ಧ ಗಂಟೆಗೆ. ಅರ್ಧ ಗಂಟೆಗೆ ಸರಿಯಾಗಿ ಬಂತಂತೆ. ಅವಳ ಕೈ ನಡುಗುತ್ತಿತ್ತು, ಆದರೂ ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು. ಆ ಶಾಲೆಯಲ್ಲಿ ಆ್ಯಪ್ಪೇ ಇಲ್ಲ.

ಈಗ ‘ವೆಲ್‌ನೆಸ್’ ಅನ್ನುವ ಭಾಗ. ಆ್ಯಪ್ ಮಾರುವವರು ಓರಿಯೆಂಟೇಶನ್ ದಿನ ಇದನ್ನೇ ದೊಡ್ಡದಾಗಿ ತೋರಿಸಿದ್ದರು. ಪ್ರತಿ ಸೋಮವಾರ ಕಂಪ್ಯೂಟರ್ ಪೀರಿಯಡ್‌ನಲ್ಲಿ ಮಕ್ಕಳು ಐದು ಮುಖಗಳಲ್ಲಿ ಒಂದನ್ನು ಒತ್ತಬೇಕು, ನಗುವ ಮುಖದಿಂದ ಅಳುವ ಮುಖದವರೆಗೆ. ಅದು ಗ್ರಾಫ್ ಆಗಿ ನಮಗೆ ಕಾಣುತ್ತದೆ. ಮಗಳದ್ದು ಎರಡು ವರ್ಷವೂ ಹಸಿರೋ ಹಸಿರು. ನಾನು ಪೆದ್ದಿ, ಅದನ್ನು ಸ್ಕ್ರೀನ್‌ಶಾಟ್ ತೆಗೆದು ಅವಳ ಅಪ್ಪನಿಗೂ ಕಳಿಸಿದ್ದೆ. ಅವರು ದುಬೈಯಲ್ಲಿದ್ದಾರೆ.

ಹೋದ ಸೆಪ್ಟೆಂಬರ್‌ನಲ್ಲಿ ಶನಿವಾರ ಬಸ್ಸಿರಲಿಲ್ಲ, ಮಾವ ಸ್ಕೂಲಿಗೇ ಹೋಗಿದ್ದರು. ಗೇಟಿನ ಹತ್ತಿರ ಅಲ್ಲಿನ ಆಯಾ ಅವರನ್ನು ಬದಿಗೆ ಕರೆದು, ‘ಅಜ್ಜ, ನಿಮ್ಮ ಪುಳ್ಳಿ ಮಧ್ಯಾಹ್ನ ಒಬ್ಬಳೇ ಲೈಬ್ರರಿ ಮೆಟ್ಟಿಲ ಮೇಲೆ ಕೂತ್ಕೊಳ್ಳುದು. ಬುತ್ತಿ ಕಾಗೆಗೆ ಹಾಕ್ತಾಳೆ. ಮನೆಯಲ್ಲಿ ಎಂತಾದ್ರೂ ಉಂಟಾ?’ ಅಂತ ಕೇಳಿದರಂತೆ. ಎರಡು ವಾರದಿಂದ ಹಾಗೆ. ಮನೆಗೆ ಬುತ್ತಿ ಖಾಲಿಯೇ ಬರುತ್ತಿತ್ತು, ಹಾಜರಿ ದಿನಾ ‘ಪ್ರೆಸೆಂಟ್’, ಗ್ರಾಫ್ ಹಸಿರು. ವಿಷಯ ದೊಡ್ಡದೇನಲ್ಲ, ದೊಡ್ಡವರ ಕಣ್ಣಿಗೆ. ಜೊತೆಗೆ ಊಟಕ್ಕೆ ಕೂರುತ್ತಿದ್ದ ಮೂವರು ಇವಳನ್ನು ಬಿಟ್ಟಿದ್ದರು, ಇವಳಿಗೆ ಫೋನ್ ಇಲ್ಲ, ಅವರ ಗ್ರೂಪಿನಲ್ಲಿ ಇವಳ ಬಗ್ಗೆ ಏನೋ ಬಂದಿತ್ತು. ಮತ್ತೆ ನಗುವ ಮುಖ ಯಾಕೆ ಒತ್ತಿದೆ ಅಂತ ಕೇಳಿದೆ. ‘ಅಮ್ಮಾ, ಮಿಸ್ ಹಿಂದೆಯೇ ನಿಂತಿರ್ತಾರೆ. ಎಲ್ಲರೂ ಅದನ್ನೇ ಒತ್ತೋದು. ಬೇರೆ ಒತ್ತಿದ್ರೆ ಪಕ್ಕದವರು ನೋಡ್ತಾರೆ.’

ಸೋಮವಾರ ಕ್ಲಾಸ್ ಟೀಚರ್ ಹತ್ತಿರ ಹೋದೆ. ಒಳ್ಳೆಯವರು, ಬೈಯಲು ಹೋಗಿ ಬೈಯದೆ ಬಂದೆ. ಅವರಿಗೂ ಸ್ವಲ್ಪ ಅನುಮಾನ ಬಂದಿತ್ತಂತೆ. ‘ಫೋನ್ ಮಾಡೋಣ ಅಂದುಕೊಂಡೆ ಮೇಡಂ, ಆದರೆ ಈಗ ಪೋಷಕರಿಗೆ ನೇರವಾಗಿ ಫೋನ್ ಮಾಡಬಾರದು ಅಂತಿದೆ, ಎಲ್ಲಾ ಆ್ಯಪ್‌ನಲ್ಲೇ ಆಗಬೇಕು. ಇಂಥದ್ದನ್ನು ಹೇಗೆ ಟೈಪ್ ಮಾಡೋದು?’ ಅದು ನನ್ನ ಹತ್ತಿರ ಬರುವ ಮೊದಲು ಕೋಆರ್ಡಿನೇಟರ್ ಓದುತ್ತಾರೆ, ಆಫೀಸಿನವರು ಓದುತ್ತಾರೆ. ಯಾವ ಟೀಚರ್ ಬರೆಯುತ್ತಾರೆ? ನಾನು 850 ಕೊಟ್ಟದ್ದು ಸುದ್ದಿ ಬರಲಿ ಅಂತ. ಬಂದದ್ದು ಏನು ಅಂದರೆ, ಮೊದಲು ಇದ್ದ ಒಂದು ಫೋನ್ ಕರೆಯೂ ನಿಂತುಹೋಯಿತು.

ಇನ್ನೊಂದೆರಡು ಸಣ್ಣ ದೂರು. ‘ಹೆಲ್ಪ್’ ಅಂತ ಒತ್ತಿದರೆ ಆ್ಯಪ್ ಕಂಪನಿಯ ಕಸ್ಟಮರ್ ಕೇರ್ ಬರುತ್ತದೆ, ಪಾಸ್‌ವರ್ಡ್ ಮರೆತವರಿಗೆ. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416, ಎರಡೂ ಉಚಿತ, ಹಗಲು ರಾತ್ರಿ ಇರುತ್ತವೆ, ಕನ್ನಡದಲ್ಲೂ ಮಾತಾಡಬಹುದು. ಆ ಎರಡು ನಂಬರ್ ಹಾಕಲು ಏನು ಖರ್ಚು? ಆಮೇಲೆ ನನ್ನ ಕಾಂಟ್ಯಾಕ್ಟ್ ಲಿಸ್ಟ್ ಯಾಕೆ ಬೇಕು ಅದಕ್ಕೆ? 2023ರ ಡೇಟಾ ಕಾಯ್ದೆಯಲ್ಲಿ 18 ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಅಂತಿದೆ, ಇಲ್ಲಿ ಒಪ್ಪಿಗೆ ಅಂದರೆ ಒಂದು ಟಿಕ್, ಹಾಕದಿದ್ದರೆ ಬಸ್ಸೂ ಕಾಣುವುದಿಲ್ಲ. ಬರ್ತ್‌ಡೇ ಫೋಟೊ, ಕ್ವಿಜ್ ಫಲಿತಾಂಶ, ಅಬಾಕಸ್ ಕ್ಲಾಸಿನ ಜಾಹೀರಾತು, ಎಲ್ಲಕ್ಕೂ ಅದೇ ಟಿಂಗ್, ಆ ಟಿಂಗ್‌ಗಳ ಮಧ್ಯೆ ಬೇಗ ಬಿಡುವ ಸುದ್ದಿಯೂ ಹೂತುಹೋಗುತ್ತದೆ.

ಡಿಸೆಂಬರ್‌ನ ಪೋಷಕರ ಸಭೆಯಲ್ಲಿ ನಾವು ಆರೇಳು ಜನ ಇದನ್ನೆಲ್ಲಾ ಎತ್ತಿದೆವು. ಪ್ರಿನ್ಸಿಪಾಲರು ಕೇಳಿಸಿಕೊಂಡರು, ಬರೆದುಕೊಂಡರು. ರಜೆ, ಬೇಗ ಬಿಡುವುದು, ಅಪಘಾತ, ಈ ಮೂರಕ್ಕೆ ಈಗ ಎಸ್ಸೆಮ್ಮೆಸ್ ಬರುತ್ತಿದೆ, ಕನ್ನಡದಲ್ಲೂ. ಒಪ್ಪಿಗೆಗೆ ಮೂವರಿಗೆ ಲಾಗಿನ್ ಕೊಟ್ಟಿದ್ದಾರೆ. ಕ್ಲಾಸ್ ಟೀಚರ್ ತಿಂಗಳಿಗೊಮ್ಮೆ ಫೋನ್ ಮಾಡಬಹುದು ಅಂತಲೂ ಆಗಿದೆ, ಜನವರಿಯಲ್ಲಿ ನನಗೆ ಬಂತು, ನಾಲ್ಕೇ ನಿಮಿಷ, ಊಟಕ್ಕೆ ಈಗ ಯಾರ ಜೊತೆ ಕೂರುತ್ತಾಳೆ ಅಂತ ಅವರೇ ಹೇಳಿದರು. ಅದಕ್ಕೆ ಒಂದು ಸ್ಟಾರ್, ಬಸ್ಸಿಗೆ ಒಂದು, ಒಟಿಪಿಗೆ ಅರ್ಧ. ಐದಕ್ಕೆ ಎರಡೂವರೆ. ನಿಮ್ಮ ಶಾಲೆಯಲ್ಲೂ ಇಂಥದ್ದು ತರುತ್ತಿದ್ದರೆ ಡೆಮೊ ದಿನ ಗ್ರಾಫ್ ನೋಡಿ ತಲೆಯಾಡಿಸಬೇಡಿ. ತುರ್ತು ಸಂದೇಶವನ್ನು ಯಾರು ಕಳಿಸುತ್ತಾರೆ, ಅವರಿಲ್ಲದಿದ್ದರೆ ಯಾರು, ಅಳುವ ಮುಖ ಒತ್ತಿದರೆ ಅದನ್ನು ನೋಡುವವರು ಯಾರು, ಇಷ್ಟು ಕೇಳಿ.

ಕೊನೆಯದನ್ನು ನಾನು ಸಭೆಯಲ್ಲಿ ಕೇಳಿದ್ದೆ. ‘ಸಿಸ್ಟಮ್ ಅಲರ್ಟ್ ಕೊಡುತ್ತದೆ, ಕೌನ್ಸೆಲರ್ ಅದೇ ದಿನ ಕರೆಯುತ್ತಾರೆ’ ಅಂದಿದ್ದರು. ಅದನ್ನು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮೊನ್ನೆ ಸೋಮವಾರ ಮಗಳು, ‘ಸುಮ್ನೆ ನೋಡುವ ಅಂತ’, ಕೊನೆಯ ಮುಖ ಒತ್ತಿ ಬಂದಿದ್ದಾಳೆ. ದಿನಾ ಸಂಜೆ ಬಂದು ನಗುತ್ತಾ ಹೇಳುತ್ತಾಳೆ, ‘ಇವತ್ತೂ ಕರೀಲಿಲ್ಲಮ್ಮ’. ಇವತ್ತು ಗುರುವಾರ.