ಪ್ಯಾನಿಕ್‌ಗೆ ಮಾತ್ರೆಯೋ, ಕೌನ್ಸೆಲಿಂಗೋ? ನನಗೆ ಒಗ್ಗಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಂಗಳೂರಿನ ಕನ್ನಡ ಕೌನ್ಸೆಲಿಂಗಿಗೆ. ಕಾಸರಗೋಡು ಜಿಲ್ಲೆಯ ನಮ್ಮ ಕುಂಬಳೆಯಿಂದ ಹೋಗಿ ಬರಲು ಅರ್ಧ ದಿನ ಬೇಕು. ಒಂದು ಸಲಕ್ಕೆ 800 ರೂಪಾಯಿ. ಆದರೂ ಅದೇ.

ನನಗೆ ಶುರುವಾದದ್ದು ಬಸ್ಸಿನಲ್ಲಿ. ನೇತ್ರಾವತಿ ಸೇತುವೆ ಮೇಲೆ ಬ್ಲಾಕ್ ಆಗಿ ನಿಂತಿದ್ದಾಗ ಎದೆ ಡವಡವ, ಕೈಕಾಲು ತಣ್ಣಗೆ, ಈಗಲೇ ಜೀವ ಹೋಗುತ್ತದೆ ಅನ್ನಿಸಿತು. ಇಸಿಜಿ, ಥೈರಾಯ್ಡ್ ಎಲ್ಲ ಸರಿ ಇತ್ತು. ಡಾಕ್ಟರು ಪ್ಯಾನಿಕ್ ಡಿಸಾರ್ಡರ್ ಎಂದರು, ಅಂದರೆ ದಿಢೀರನೆ ಮತ್ತೆ ಮತ್ತೆ ಬರುವ ವಿಪರೀತ ಗಾಬರಿ.

ಕೊಟ್ಟ ಮಾತ್ರೆಗಳಲ್ಲಿ ಕ್ಲೋನಾಜೆಪಾಮ್ ಒಂದು ಗಂಟೆಯೊಳಗೆ ಎದೆಬಡಿತ ಇಳಿಸುತ್ತಿತ್ತು. ಆದರೆ ಚಟವಾಗುವ ಮಾತ್ರೆ, ಡಾಕ್ಟರು ಎರಡೇ ವಾರಕ್ಕೆ ಬರೆದರು. ಇನ್ನೊಂದು ಮಾತ್ರೆ ಎಸ್ಸಿಟಾಲೋಪ್ರಾಮ್ ಉಲ್ಟಾ. ಮೊದಲ ವಾರ ಹೊಟ್ಟೆ ತೊಳಸಿ ಗಾಬರಿ ಜಾಸ್ತಿಯೇ ಆಯಿತು, ನಾಲ್ಕನೇ ವಾರಕ್ಕೆ ನಿದ್ದೆ ಬಂತು. ಬಸ್ಸು ಹತ್ತುವ ಧೈರ್ಯ ಮಾತ್ರ ಬರಲಿಲ್ಲ.

ಮನೆ ಹತ್ತಿರವೇ ಪುಕ್ಕಟೆ ಕೌನ್ಸೆಲಿಂಗ್ ಸಿಕ್ಕಿತು, ಮಲಯಾಳದಲ್ಲಿ. ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು ಮಲಯಾಳ ನನಗೆ ಬರುತ್ತದೆ. ಒಳಗಿನ ಸಂಕಟ ಹೇಳುವಷ್ಟು ಬರುವುದಿಲ್ಲ. 'ಉತ್ಕಂಠ' ಯಾವಾಗ ಜಾಸ್ತಿ ಎಂದು ಕೇಳಿದರು. ನಮಗೆ ಉತ್ಕಂಠೆ ಅಂದರೆ ಯಾರನ್ನೋ ಕಾಣುವ ತವಕ ಅಲ್ವಾ? ಅವರಿಗೆ ಅದೇ ಆತಂಕ. 'ವಿಷಮಂ ಉಂಡೋ' ಎಂದರು. ಬೇಸರ ಇದೆಯಾ ಎಂದಷ್ಟೇ ಅರ್ಥ. ನನ್ನ ಸ್ಥಿತಿ ವಿಷಮವಾಗಿದೆ ಎಂದು ಕೇಳಿಸಿ ಅಲ್ಲೇ ಬೆವರಿದೆ.

ಅವರು ಒಳ್ಳೆಯವರು, ತಾಳ್ಮೆಯಿಂದ ಕೇಳುತ್ತಿದ್ದರು. ಆದರೆ 'ತಳಮಳ'ವನ್ನು, 'ಎದೆ ಝಲ್ಲೆನ್ನುವುದ'ನ್ನು ನಾನು ಹೇಗೆ ಹೇಳಲಿ? ಪದ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತಿತ್ತು. ಕೊನೆಗೆ 'ಪೇಡಿ', ಅಂದರೆ ಹೆದರಿಕೆ, ಎಂದು ಸುಮ್ಮನಾಗುತ್ತಿದ್ದೆ. ಮೂರು ಸಲ ಹೋಗಿ ಬಿಟ್ಟೆ.

ಮಂಗಳೂರಿಗೆ ಮೊದಲೆರಡು ಸಲ ಅಣ್ಣನ ಜೊತೆ ರೈಲಿನಲ್ಲಿ ಹೋದೆ. ಅಲ್ಲಿ ಮಾಡಿದ್ದು ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಕೌನ್ಸೆಲಿಂಗ್. ಹೆದರಿ ಬಸ್ಸಿನಿಂದ ಇಳಿದುಬಿಟ್ಟರೆ ಆಗ ಹಾಯೆನಿಸುತ್ತದೆ, ಆದರೆ ಮುಂದಿನ ಸಲ ಹೆದರಿಕೆ ಇನ್ನೂ ಗಟ್ಟಿಯಾಗುತ್ತದೆ ಎಂದು ಮೇಡಂ ಬಿಡಿಸಿ ಹೇಳಿದರು. ಅದಕ್ಕೇ ಬಸ್ಸಿನಲ್ಲಿ ಮೊದಲ ವಾರ ಉಪ್ಪಳದವರೆಗೆ, ಆಮೇಲೆ ತಲಪಾಡಿ, ಆಮೇಲೆ ತೊಕ್ಕೊಟ್ಟು. ಎದೆ ಹೊಡೆದುಕೊಂಡರೂ ಇಳಿಯಬಾರದು, ಹೆದರಿಕೆ ತಾನಾಗಿ ತಗ್ಗುವವರೆಗೆ ಕೂತಿರಬೇಕು. ಒಂಬತ್ತನೇ ಸಲ ಒಬ್ಬನೇ ಬಸ್ಸಿನಲ್ಲಿ ಸೇತುವೆ ದಾಟಿದೆ.

ದುಡ್ಡಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಫೋನ್ ನಂಬರ್ 14416. ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೂ.

ನಾನು ಎಸ್ಸಿಟಾಲೋಪ್ರಾಮ್ ಮಾತ್ರೆ ಬಿಟ್ಟಿಲ್ಲ. ಅದನ್ನು ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರೇ ನಿಧಾನವಾಗಿ ಇಳಿಸುತ್ತಾರೆ. ಮಂಗಳೂರಿಗೆ ಈಗ ತಿಂಗಳಿಗೊಮ್ಮೆ ಹೋದರೆ ಸಾಕು, ಬಸ್ಸಿನಲ್ಲೇ ಹೋಗುತ್ತೇನೆ.