ಮುದ್ರಾ ಸಾಲವೋ, ಪಿಎಂಇಜಿಪಿಯೋ?

ಹೊಲಿಗೆ ಯಂತ್ರ, ತಳ್ಳುಗಾಡಿ, ಅಂಗಡಿಗೆ ಒಂದಿಷ್ಟು ಸರಕು, ಇಷ್ಟಕ್ಕಾದರೆ ಕೇಂದ್ರ ಸರ್ಕಾರದ ಸಣ್ಣ ಸಾಲದ ಯೋಜನೆ ಮುದ್ರಾ ಸಾಕು. 2015ರಲ್ಲಿ ಶುರುವಾದ ಈ ಯೋಜನೆಯ 'ಶಿಶು' ಹಂತದಲ್ಲಿ 50 ಸಾವಿರದವರೆಗೆ, 'ಕಿಶೋರ'ದಲ್ಲಿ 5 ಲಕ್ಷ, 'ತರುಣ'ದಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಈಗಾಗಲೇ ನಡೆಯುತ್ತಿರುವ ವ್ಯಾಪಾರಕ್ಕೂ ಆಗುತ್ತದೆ. ಸಬ್ಸಿಡಿ ಮಾತ್ರ ಇಲ್ಲ.

ಪಿಎಂಇಜಿಪಿ ಅಂದರೆ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ; ಇದರಲ್ಲಿ ಸಿಗುವುದೂ ಬ್ಯಾಂಕ್ ಸಾಲವೇ, ಆದರೆ ಅದರ ಬಲವೇ ಸಬ್ಸಿಡಿ. ಹಳ್ಳಿಯಲ್ಲಿ ಮಹಿಳೆಯೊಬ್ಬರು 10 ಲಕ್ಷದ ರೊಟ್ಟಿ ಘಟಕ ಹಾಕುತ್ತಾರೆ ಅನ್ನಿ. ಕೈಯಿಂದ ಹಾಕಬೇಕಾದದ್ದು ಶೇ 5, ಅಂದರೆ 50 ಸಾವಿರ. ಸಬ್ಸಿಡಿ ಶೇ 35, ಅಂದರೆ ಮೂರೂವರೆ ಲಕ್ಷ! ಅದೇ ಪೇಟೆಯಲ್ಲಾದರೆ ಶೇ 25. ಸಾಮಾನ್ಯ ವರ್ಗದ ಪುರುಷರಿಗೆ ಹಳ್ಳಿಯಲ್ಲಿ ಶೇ 25, ಪೇಟೆಯಲ್ಲಿ 15; ಸ್ವಂತ ಪಾಲು ಶೇ 10. ಆದರೆ ಸಬ್ಸಿಡಿ ಹಣ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮೆಯಾಗುತ್ತದೆ. ಮೊದಲ ಸಲದ ಪಿಎಂಇಜಿಪಿ ಸಾಲ ಹೊಸ ಘಟಕಕ್ಕೆ ಮಾತ್ರ ಅನ್ನುವುದನ್ನು ಮರೆಯಬೇಡಿ. ಯೋಜನಾ ವರದಿ, ತರಬೇತಿ ಅಂತ ಓಡಾಟವೂ ಇದೆ.

ನನ್ನನ್ನು ಕೇಳಿದರೆ, ಯಂತ್ರ ಹಾಕಿ ಏನಾದರೂ ತಯಾರಿಸುವವರು ಕಾದರೂ ಪರವಾಗಿಲ್ಲ, ಪಿಎಂಇಜಿಪಿಗೇ ಹೋಗಿ. ಮೊದಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಯಂತ್ರಕ್ಕೆ ಮುಂಗಡ ಕೊಡಬೇಡಿ.